ಕರೆ ಬಂದಾಗ ಕತ್ತಲಾಗುವ ಫೋನು

(ವಾಚನಾಲಯದ ಭಾನುವಾರದ ಉಪನ್ಯಾಸದಲ್ಲಿ ಆಡಿದ ಮಾತುಗಳು. ಅಂದು ಕೆಲಸದ ಪಾಳಿಯಿಂದಾಗಿ ಬರಲಾಗದಿದ್ದ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಅಚ್ಚುಮಾಡಿದೆ.)



ಈ ಭಾನುವಾರ ಏನಾದರೂ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿದರು. ಕಾವ್ಯ, ನಾಟಕಗಳ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ಆದುದರಿಂದ ನಾನು ಇಲ್ಲಿ ಕುಳಿತಿರುವ ಪ್ರತಿಯೊಬ್ಬರ ಜೇಬಿನಲ್ಲಿಯೂ ಇರುವ, ಆದರೆ ನಾವು ಒಮ್ಮೆಯೂ ಗಮನವಿಟ್ಟು ನೋಡದ ಒಂದು ಸಣ್ಣ ವಸ್ತುವನ್ನು ಆರಿಸಿಕೊಂಡಿದ್ದೇನೆ. ಸ್ಮಾರ್ಟ್‌ಫೋನಿನ ಮೇಲ್ತುದಿಯಲ್ಲಿ, ಕಿವಿಗೆ ಒತ್ತಿಕೊಳ್ಳುವ ಸ್ಪೀಕರಿನ ಪಕ್ಕದಲ್ಲಿ, ಕಪ್ಪು ಗಾಜಿನ ಹಿಂದೆ ಅದು ಅಡಗಿರುತ್ತದೆ. ಅದಕ್ಕೆ ಪ್ರಾಕ್ಸಿಮಿಟಿ ಸೆನ್ಸರ್ ಎಂದು ಹೆಸರು. ಏನಾದರೂ ಸಮೀಪಕ್ಕೆ ಬಂದಿದೆಯೆ, ಇಲ್ಲವೆ, ಎಂಬ ಒಂದೇ ಸಂಗತಿಯನ್ನು ಫೋನಿಗೆ ತಿಳಿಸುವುದು ಅದರ ಕೆಲಸ.

ಇಷ್ಟು ಸಣ್ಣ ವಸ್ತುವಿನ ಮೇಲೆ ಒಂದು ಉಪನ್ಯಾಸವೆ ಎಂದು ತಾವು ಕೇಳಬಹುದು. ಕಾರಣವುಂಟು. ಊರು ಬಿಟ್ಟು ಬಂದು ಇಲ್ಲಿ ದುಡಿಯುವ ನಮಗೆ ಫೋನು ಬರಿಯ ಮಾತಿನ ಯಂತ್ರವಲ್ಲ. ತಾಯಿತಂದೆಯರ ಕ್ಷೇಮಸಮಾಚಾರ ಬರುವುದು ಅದರಲ್ಲಿ. ಸಂಬಳ ಜಮೆಯಾದ ಸುದ್ದಿ ಬರುವುದು ಅದರಲ್ಲಿ. ಮನೆಗೆ ಹಣ ಕಳುಹಿಸುವುದು, ಬ್ಯಾಂಕಿನ ಓಟಿಪಿ ಪಡೆಯುವುದು, ಮರುದಿನದ ಪಾಳಿ ಎಷ್ಟು ಹೊತ್ತಿಗೆಂದು ಮೇಸ್ತ್ರಿಯನ್ನು ಕೇಳುವುದು, ಎಲ್ಲವೂ ಅದರಲ್ಲಿಯೇ. ಅಂಥ ಫೋನು ಕರೆಯ ನಡುವೆ ಇದ್ದಕ್ಕಿದ್ದಂತೆ ಕಪ್ಪಾಗಿ, ಏನು ಮಾಡಿದರೂ ಬೆಳಗದೆ ಹೋದರೆ ಮನುಷ್ಯ ಗಾಬರಿಯಾಗುತ್ತಾನೆ. ಗಾಬರಿಯಾದವನು ಹತ್ತಿರದ ಅಂಗಡಿಗೆ ಓಡುತ್ತಾನೆ. ಅಲ್ಲಿ “ಡಿಸ್ಪ್ಲೇ ಹೋಗಿದೆ” ಎಂಬ ಒಂದು ಮಾತು ಬಿದ್ದರೆ, ಎಷ್ಟೋ ದಿನದ ಕೂಲಿ ಅಲ್ಲಿಯೇ ಇಳಿದುಹೋಗುತ್ತದೆ. ಇಲ್ಲವೆ ಕಂತಿನ ಮೇಲೆ ಹೊಸ ಫೋನು ಬರುತ್ತದೆ. ಹೆಚ್ಚಿನ ಸಲ ಇವೆರಡೂ ಅನಾವಶ್ಯಕ. ಇದನ್ನು ತಮ್ಮ ಮನಸ್ಸಿಗೆ ತರುವುದೇ ಈ ಹೊತ್ತಿನ ನನ್ನ ಉದ್ದೇಶ.

ಮೊದಲಿಗೆ ಒಂದು ಸೂತ್ರವನ್ನು ಹೇಳಿಬಿಡುತ್ತೇನೆ. ಉಳಿದುದನ್ನೆಲ್ಲ ಮರೆತರೂ ಇದನ್ನು ಮರೆಯಬೇಡಿ. ಕರೆಯ ಹೊತ್ತಿನಲ್ಲಿ ಮಾತ್ರ ಕಪ್ಪಾಗಿ, ಉಳಿದ ಹೊತ್ತಿನಲ್ಲಿ ಚೆನ್ನಾಗಿಯೇ ಬೆಳಗುವ ಪರದೆ ಸತ್ತ ಪರದೆಯಲ್ಲ. ಅದು ಆಜ್ಞೆಯನ್ನು ಪಾಲಿಸುತ್ತಿರುವ ಪರದೆ. ತಪ್ಪು ಇರುವುದು ಆಜ್ಞೆ ಕೊಡುವ ಕಡೆಯಲ್ಲಿ.

ಆ ಆಜ್ಞೆ ಏಕೆ ಬೇಕಾಯಿತು? ಹಳೆಯ ಫೋನುಗಳಿಗೆ ಗುಂಡಿಗಳಿದ್ದುವು. ಕೆನ್ನೆ ತಗುಲಿದರೆ ಗುಂಡಿ ಒತ್ತಿಹೋಗುತ್ತಿರಲಿಲ್ಲ. ಈಗಿನ ಫೋನಿನಲ್ಲಿ ಇಡೀ ಗಾಜೇ ಗುಂಡಿ. ಕಿವಿಗೆ ಹಿಡಿದು ಮಾತನಾಡುವಾಗ ಕೆನ್ನೆ ಅದಕ್ಕೆ ತಗುಲುತ್ತದೆ. ಬೆರಳು ಯಾವುದು, ಕೆನ್ನೆ ಯಾವುದು ಎಂಬ ವಿವೇಕ ಗಾಜಿಗೆ ಇಲ್ಲ. ಆದುದರಿಂದ ಮುಖ ಹತ್ತಿರ ಬಂದೊಡನೆ ಪರದೆಯನ್ನು ಆರಿಸಿ, ಸ್ಪರ್ಶವನ್ನೂ ನಿಲ್ಲಿಸಿ, ಮುಖ ದೂರ ಸರಿದೊಡನೆ ಮತ್ತೆ ಬೆಳಗಿಸುವ ಏರ್ಪಾಡು ಮಾಡಿದರು. ಇದರಿಂದ ಬ್ಯಾಟರಿಯೂ ಸ್ವಲ್ಪ ಉಳಿಯುತ್ತದೆ.

ಈ ಏರ್ಪಾಡು ಕೆಟ್ಟಾಗ ತೊಂದರೆ ಎರಡು ರೂಪದಲ್ಲಿ ಕಾಣಿಸುತ್ತದೆ. ಒಂದು, ಕರೆ ಮಾಡಿದೊಡನೆ ಪರದೆ ಕಪ್ಪಾಗಿ, ಫೋನನ್ನು ಕಿವಿಯಿಂದ ತೆಗೆದರೂ ಹಾಗೆಯೇ ಉಳಿಯುವುದು. ಕರೆ ಮುಗಿಸಲು ಕೆಂಪು ಗುಂಡಿ ಕಾಣಿಸದು. ಅತ್ತಲಿನವರು ಕರೆ ಮುಗಿಸುವವರೆಗೆ ಕಾಯಬೇಕು. ಇನ್ನೊಂದು, ಪರದೆ ಕಪ್ಪಾಗದೆಯೇ ಇರುವುದು. ಆಗ ಕೆನ್ನೆ ತಗುಲಿ ಕರೆ ಕತ್ತರಿಸುತ್ತದೆ, ಮಾತು ಮ್ಯೂಟ್ ಆಗುತ್ತದೆ, ಇಲ್ಲವೆ ಇನ್ನಾರಿಗೋ ಕರೆ ಹೋಗುತ್ತದೆ. “ಅವನು ನನ್ನ ಮಾತು ಕೇಳಲಾರದೆ ಫೋನಿಟ್ಟುಬಿಟ್ಟ” ಎಂದು ಊರಿನಲ್ಲಿ ಅಕ್ಕನೋ ಭಾವನೋ ಮುನಿಸಿಕೊಂಡಿದ್ದರೆ, ಕೆಲವು ಸಲ ಅದು ಇವನ ಕೆನ್ನೆಯ ಅಪರಾಧವೆಂದು ತಿಳಿಯತಕ್ಕದ್ದು.

ಇನ್ನು ಈ ಸಾಧನ ಕೆಲಸ ಮಾಡುವ ಬಗೆಯನ್ನು ನೋಡೋಣ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಶಾಸ್ತ್ರಜ್ಞನು ಇಂಗ್ಲೆಂಡಿನಲ್ಲಿ ಒಂದು ಪ್ರಯೋಗ ಮಾಡಿದನು. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದವನೂ ಈತನೇ. ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಬಿಡಿಬಿಡಿಯಾದ ಬಣ್ಣಗಳಲ್ಲಿ ಉಷ್ಣಮಾಪಕಗಳನ್ನಿಟ್ಟು ಯಾವ ಬಣ್ಣದಲ್ಲಿ ಶಾಖ ಎಷ್ಟೆಂದು ಅಳೆಯುತ್ತ ಹೋದನು. ಕೆಂಪು ಬಣ್ಣದ ಆಚೆಗೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿಯೂ ಪಾದರಸ ಏರಿತು. ಅಲ್ಲಿ ಕಾಣದ ಕಿರಣವೊಂದು ಇದೆ ಎಂಬುದು ಹೀಗೆ ಗೊತ್ತಾಯಿತು. ಅದನ್ನೇ ಈಗ ಅವಕೆಂಪು ಕಿರಣ, ಇನ್‌ಫ್ರಾರೆಡ್, ಎನ್ನುವುದು. ಟೀವಿಯ ರಿಮೋಟಿನಿಂದ ಹೊರಡುವುದೂ ಇದೇ ಜಾತಿಯ ಕಿರಣ.

ಫೋನಿನ ಆ ಕಪ್ಪು ಗಾಜಿನ ಹಿಂದೆ ಎರಡು ಕಣಗಳು ಅಕ್ಕಪಕ್ಕದಲ್ಲಿರುತ್ತವೆ. ಒಂದು ಅವಕೆಂಪು ಕಿರಣವನ್ನು ಬಿಟ್ಟುಬಿಟ್ಟು ಮಿಣುಕಿಸುವ ಎಲ್‌ಇಡಿ ದೀಪ. ಇನ್ನೊಂದು ತಿರುಗಿ ಬಂದ ಕಿರಣವನ್ನು ಹಿಡಿಯುವ ಫೋಟೊಡಯೋಡ್. ದೀಪ ಕಿರಣವನ್ನು ಕಳುಹಿಸುತ್ತದೆ. ಎದುರಿಗೆ ಕೆನ್ನೆ ಇದ್ದರೆ ಕಿರಣ ಅದಕ್ಕೆ ತಾಗಿ ಹಿಂದಿರುಗುತ್ತದೆ. ಹಿಂದಿರುಗಿದ್ದು ಗೊತ್ತುಮಾಡಿದ ಒಂದು ಮಟ್ಟವನ್ನು ಮೀರಿದರೆ ಫೋನು “ಹತ್ತಿರ” ಎಂದುಕೊಳ್ಳುತ್ತದೆ. ಮೀರದಿದ್ದರೆ “ದೂರ” ಎಂದುಕೊಳ್ಳುತ್ತದೆ. ಸಾಮಾನ್ಯವಾಗಿ ಇದರ ಅಳವು ಸುಮಾರು 5 ಸೆಂಟಿಮೀಟರು, ಅಂದರೆ ಮೂರು ಬೆರಳಿನ ಅಗಲ. ಬಾವಿಯೊಳಕ್ಕೆ ಕೂಗು ಹಾಕಿ, ಮರುದನಿ ಬಂದರೆ ಗೋಡೆಯಿದೆ ಎಂದು ತಿಳಿಯುವ ಹುಡುಗನ ಹಾಗೆ ಇದರ ಬುದ್ಧಿ.

ಇಲ್ಲಿಯೇ ವಿಷಯದ ಮರ್ಮವಿದೆ. ಈ ಸಾಧನ ತಿಳಿಸುವುದು ಹತ್ತಿರ ಅಥವಾ ದೂರ, ಎರಡೇ ಮಾತು. ಎದುರಿಗಿರುವುದು ಕೆನ್ನೆಯೊ, ಹಿಟ್ಟಿನ ಧೂಳೊ, ಎಣ್ಣೆಯ ಪಸೆಯೊ, ಗಾಜಿನ ಹೊದಿಕೆಯ ಕಪ್ಪು ಅಂಚೊ ಎಂದು ಅದಕ್ಕೆ ತಿಳಿಯದು. ಕಿಂಡಿಯ ಮೇಲೆ ಏನೇ ಕುಳಿತಿದ್ದರೂ ಕಿರಣ ಅದಕ್ಕೇ ತಾಗಿ ಒಡನೆ ಹಿಂದಿರುಗುತ್ತದೆ. ಫೋನು ಅದನ್ನು ಕೆನ್ನೆಯೆಂದೇ ನಂಬಿ ಪರದೆಯನ್ನು ಆರಿಸಿಬಿಡುತ್ತದೆ. ಹೋಟೆಲಿನ ಒಲೆಯ ಬಳಿ, ಕಟ್ಟಡದ ಸಿಮೆಂಟಿನ ನಡುವೆ, ಗಿರಣಿಯಲ್ಲಿ, ಮಳೆಗಾಲದ ಲೋಕಲ್ ರೈಲಿನಲ್ಲಿ ಫೋನು ಹಿಡಿಯುವ ನಮ್ಮಂಥವರಿಗೆ ಈ ತೊಂದರೆ ಬರುವುದರಲ್ಲಿ ಆಶ್ಚರ್ಯವೇನಿದೆ?

ಅಗ್ಗದ ಫೋನಿಗೆ ಮಾತ್ರ ಹೀಗಾಗುತ್ತದೆಂದು ತಿಳಿಯಬಾರದು. 2010ರಲ್ಲಿ ಆಪಲ್ ಕಂಪನಿಯ ಐಫೋನ್ 4 ಹೊರಬಂದಾಗ, ಮಾತನಾಡುವ ನಡುವೆ ಪರದೆ ಬೆಳಗಿ ಕೆನ್ನೆಯಿಂದ ಕರೆ ಕತ್ತರಿಸುತ್ತದೆಂದು ಬಹಳ ಮಂದಿ ದೂರಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ಐಓಎಸ್ 4.1 ಎಂಬ ಹೊಸ ಸಾಫ್ಟ್‌ವೇರನ್ನು ಕೊಟ್ಟು ಆ ದೋಷಕ್ಕೆ ಪರಿಹಾರ ಮಾಡಿತು. ಅದಕ್ಕಾಗಿ ಯಾರೂ ಪರದೆಯನ್ನು ಬದಲಾಯಿಸಬೇಕಾಗಲಿಲ್ಲ. ಅಷ್ಟು ಬೆಲೆಯ ಫೋನಿನ ದೋಷವೇ ಹೀಗೆ ನೇರ್ಪಡುವುದಾದರೆ, ನಮ್ಮ ಫೋನನ್ನು ಪರೀಕ್ಷೆ ಮಾಡದೆ ಬಿಚ್ಚಿಸುವುದು ಜಾಣತನವಲ್ಲ.

ಈಗ ಪರೀಕ್ಷೆಯ ಕ್ರಮವನ್ನು ಹೇಳುತ್ತೇನೆ. ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ. ಈ ಕ್ರಮವನ್ನು ತಪ್ಪಿಸಬೇಡಿ.

ಮೊದಲನೆಯದು, ಗಾಜಿನ ಹೊದಿಕೆ. ನಾವು ಸ್ಕ್ರೀನ್ ಗಾರ್ಡ್ ಅಥವಾ ಟೆಂಪರ್ಡ್ ಗ್ಲಾಸ್ ಎಂದು ಹಾಕಿಸುವ ವಸ್ತುವೇ ಬಹಳ ಸಲ ಅಪರಾಧಿ. ರಸ್ತೆಬದಿಯಲ್ಲಿ ಒಂದು ಮಾದರಿಯ ಗಾಜನ್ನು ಹತ್ತಾರು ಮಾದರಿಗಳಿಗೆ ಹೊಂದಿಸಿ ಅಂಟಿಸುತ್ತಾರೆ. ಸುತ್ತಲೂ ಕಪ್ಪು ಅಂಚಿರುವ ಗಾಜಾದರೆ ಆ ಅಂಚು ಕಿಂಡಿಯ ಮೇಲೆಯೇ ಬಂದು ಕೂರಬಹುದು. ಅಂಚಿನಲ್ಲಿ ಗಾಳಿಯ ಗುಳ್ಳೆ ನಿಂತರೂ, ಧೂಳು ಸೇರಿದರೂ ಸಾಕು. ಗಾರ್ಡ್ ಹಾಕಿಸಿದ ದಿನದಿಂದ ತೊಂದರೆ ಶುರುವಾಯಿತೆ ಎಂದು ನೆನಪು ಮಾಡಿಕೊಳ್ಳಿ. ಅನುಮಾನವಿದ್ದರೆ ಗಾರ್ಡನ್ನು ಪೂರ್ತಿ ತೆಗೆದು ಒಂದು ಕರೆ ಮಾಡಿ ನೋಡಿ. ಮೇಲ್ತುದಿಗೆ ಬರುವ ಹಿಂಗವಚವಿದ್ದರೆ ಅದನ್ನೂ ತೆಗೆಯಿರಿ.

ಎರಡನೆಯದು, ಒರಸುವುದು. ಫೋನನ್ನು ಆರಿಸಿ, ಕನ್ನಡಕ ಒರಸುವಂಥ ಮೆತ್ತನೆಯ ಒಣ ಬಟ್ಟೆಯಿಂದ ಮೇಲ್ತುದಿಯನ್ನು ನಿಧಾನವಾಗಿ ಒರಸಿ. ಎಣ್ಣೆಯ ಪಸೆ ಬಿಡದಿದ್ದರೆ ಬಟ್ಟೆಯ ಮೂಲೆಯನ್ನು ತುಸುವೇ ಒದ್ದೆಮಾಡಿಕೊಳ್ಳಿ. ನೀರನ್ನು ಫೋನಿನ ಮೇಲೆ ಹಾಕಬೇಡಿ. ಕಿವಿಯ ಸ್ಪೀಕರಿನ ಜಾಲರಿಯ ಧೂಳನ್ನು ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಝಾಡಿಸಬಹುದು. ಸೂಜಿ, ಪಿನ್ನು, ಬ್ಲೇಡು, ಇವುಗಳನ್ನು ಅದರ ಬಳಿಗೆ ತರಲೇಬಾರದು. ಮಳೆಯಲ್ಲಿ ನೆನೆದು ಗಾಜಿನ ಒಳಗಡೆ ಆವಿ ಕಟ್ಟಿದ್ದರೆ ಒರಸುವುದರಿಂದ ಫಲವಿಲ್ಲ. ಆರಿಸಿದ ಫೋನನ್ನು ಒಣ ಜಾಗದಲ್ಲಿ ಗಾಳಿಯಾಡುವಂತಿಟ್ಟು, ತೇವ ಹೋಗುವವರೆಗೆ ಚಾರ್ಜಿಗೆ ಹಾಕದೆ ಕಾಯಬೇಕು. ಒಲೆಯ ಬಿಸಿ ತೋರಿಸಬೇಡಿ.

ಮೂರನೆಯದು, ಫೋನನ್ನು ಆರಿಸಿ ಮತ್ತೆ ಹಚ್ಚುವುದು. ಇದು ಮಕ್ಕಳಾಟವೆಂದು ನಗಬೇಡಿ. ಸಾಫ್ಟ್‌ವೇರು ಎಲ್ಲಿಯೋ ಸಿಕ್ಕಿಕೊಂಡು “ಹತ್ತಿರ” ಎಂಬ ಹಳೆಯ ಸುದ್ದಿಯನ್ನೇ ಹಿಡಿದು ಕುಳಿತಿರುವುದುಂಟು. ಹೊಸದಾಗಿ ಎದ್ದಾಗ ಮತ್ತೆ ನೋಡಿ ತಿಳಿದುಕೊಳ್ಳುತ್ತದೆ. ಕಂಪನಿ ಕಳುಹಿಸಿದ ಅಪ್‌ಡೇಟ್ ಬಾಕಿಯಿದ್ದರೆ, ನಮ್ಮ ವಾಚನಾಲಯದಂಥ ಕಡೆ ವೈಫೈ ಸಿಕ್ಕಾಗ ಅದನ್ನೂ ಹಾಕಿಕೊಳ್ಳಿ.

ನಾಲ್ಕನೆಯದು, ತೊಂದರೆ ಎಲ್ಲ ಕರೆಗಳಲ್ಲಿಯೂ ಇದೆಯೆ, ಒಂದೇ ಆ್ಯಪಿನಲ್ಲಿದೆಯೆ ಎಂದು ನೋಡುವುದು. ಇದಕ್ಕೆ ಸುಲಭವಾದ ಉಪಾಯ ಒಂದುಂಟು. ವಾಟ್ಸಾಪಿನಲ್ಲಿ ಯಾರಾದರೂ ಕಳುಹಿಸಿದ ಧ್ವನಿಸಂದೇಶವನ್ನು ಹಾಕಿ, ಫೋನಿನ ಮೇಲ್ತುದಿಗೆ ಅಂಗೈಯನ್ನು ಅಡ್ಡ ಹಿಡಿಯಿರಿ. ಪರದೆ ಕಪ್ಪಾಗಿ, ಕೈ ತೆಗೆದೊಡನೆ ಬೆಳಗಿದರೆ ಸೆನ್ಸರ್ ಜೀವದಿಂದಿದೆ. ಅದು ಇಲ್ಲಿ ಸರಿಯಾಗಿದ್ದು ಮಾಮೂಲಿನ ಕರೆಯಲ್ಲಿ ಮಾತ್ರ ಕೆಟ್ಟರೆ, ಕರೆಯ ಆ್ಯಪನ್ನೊ ಈಚೆಗೆ ಹಾಕಿಕೊಂಡ ಬೇರೆ ಆ್ಯಪನ್ನೊ ಅನುಮಾನಿಸಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಸೇಫ್ ಮೋಡ್ ಎಂಬ ಸ್ಥಿತಿಯಿದೆ. ಬಹಳಷ್ಟು ಫೋನುಗಳಲ್ಲಿ ಪವರ್ ಗುಂಡಿಯ ಪಟ್ಟಿ ಬಂದಾಗ “ಪವರ್ ಆಫ್” ಎಂಬುದನ್ನು ಒತ್ತಿಹಿಡಿದರೆ ಅದು ಸಿಗುತ್ತದೆ. ಅದರಲ್ಲಿ ನಾವು ಹಾಕಿಕೊಂಡ ಆ್ಯಪುಗಳೆಲ್ಲ ಮಲಗಿರುತ್ತವೆ. ಆಗ ಕರೆ ಸರಿಯಾಗಿದ್ದರೆ ದೋಷ ಯಾವುದೋ ಆ್ಯಪಿನದು.

ಐದನೆಯದು, ಫೋನಿನ ಒಳಗೇ ಇರುವ ಪರೀಕ್ಷೆ. ಸ್ಯಾಮ್‌ಸಂಗ್ ಕಂಪನಿಯ ಅನೇಕ ಫೋನುಗಳಲ್ಲಿ ಕರೆ ಮಾಡುವ ಜಾಗದಲ್ಲಿ *#0*# ಎಂದು ಒತ್ತಿದರೆ ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ “ಸೆನ್ಸರ್” ಎಂಬುದನ್ನು ಮುಟ್ಟಿ, ಮೇಲ್ತುದಿಗೆ ಕೈ ತಂದು ನೋಡಬೇಕು. ಶಿಯೋಮಿ, ರೆಡ್ಮಿ ಫೋನುಗಳಲ್ಲಿ *#*#6484#*#* ಎಂದು ಒತ್ತಿದರೆ ಇಂಥದೇ ಪಟ್ಟಿ ಸಾಮಾನ್ಯವಾಗಿ ತೆರೆಯುತ್ತದೆ. ಪಟ್ಟಿಯಲ್ಲಿ ಬೇರೆ ಯಾವುದನ್ನೂ ಕುತೂಹಲಕ್ಕಾಗಿ ಮುಟ್ಟಬೇಡಿ. ಪಟ್ಟಿ ತೆರೆಯದ ಫೋನಿನವರು ಧ್ವನಿಸಂದೇಶದ ಪರೀಕ್ಷೆಯನ್ನೇ ನಂಬಬಹುದು.

ಈ ಪರೀಕ್ಷೆಯ ಫಲವನ್ನು ಓದುವ ಬಗೆ ಹೀಗೆ. ಎದುರಿಗೆ ಏನೂ ಇಲ್ಲದಿದ್ದರೂ “ಹತ್ತಿರ” ಎಂದೇ ತೋರಿಸುತ್ತಿದ್ದರೆ ಕಿಂಡಿ ಮುಚ್ಚಿದೆ, ಇಲ್ಲವೆ ಕಿರಣ ಫೋನಿನ ಒಳಗೇ ಸೋರಿ ತಿರುಗಿ ಬರುತ್ತಿದೆ. ಅಂಗೈ ಇಟ್ಟರೂ “ದೂರ” ಎಂದೇ ತೋರಿಸುತ್ತಿದ್ದರೆ ದೀಪ ಆರಿದೆ, ಇಲ್ಲವೆ ಅದನ್ನು ಜೋಡಿಸುವ ತೆಳುವಾದ ಪಟ್ಟಿ ಬಿಟ್ಟುಕೊಂಡಿದೆ. ಒಮ್ಮೆ ಸರಿ, ಒಮ್ಮೆ ತಪ್ಪು ಆಗುತ್ತಿದ್ದರೆ ಬೆವರು, ಜಿಡ್ಡು ಅಥವಾ ಸಡಿಲಗೊಂಡ ಪಟ್ಟಿ ಕಾರಣ. ಉರಿಬಿಸಿಲಿನಲ್ಲಿ ಮಾತ್ರ ಕೆಟ್ಟರೆ ಚಿಂತೆ ಬೇಡ. ಬಿಸಿಲಿನಲ್ಲಿಯೂ ಅವಕೆಂಪು ಕಿರಣ ತುಂಬಿರುವುದರಿಂದ ಸಾಧನಕ್ಕೆ ಕಣ್ಣು ಕುಕ್ಕುತ್ತದೆ. ದಟ್ಟವಾದ ಕಪ್ಪು ಕೂದಲು ಕಿಂಡಿಗೆ ಅಡ್ಡಬಂದರೆ ಕಿರಣ ಹಿಂದಿರುಗುವುದು ಕಡಿಮೆಯಾಗಿ, “ದೂರ” ಎಂದು ಫೋನು ಮೋಸಹೋಗುವುದೂ ಉಂಟು.

ದೀಪ ಉರಿಯುತ್ತಿದೆಯೆ ಎಂದು ನೋಡಲು ಇನ್ನೊಂದು ದಾರಿಯಿದೆ. ಕರೆ ನಡೆಯುತ್ತಿರುವಾಗ ಗೆಳೆಯನ ಫೋನಿನ ಕ್ಯಾಮೆರಾ ಹಚ್ಚಿ ತಮ್ಮ ಫೋನಿನ ಮೇಲ್ತುದಿಯನ್ನು ನೋಡಿ. ಕಣ್ಣಿಗೆ ಕಾಣದ ಕಿರಣ ಕ್ಯಾಮೆರಾದಲ್ಲಿ ಸಣ್ಣ ನೇರಳೆ ಚುಕ್ಕೆಯಾಗಿ ಮಿಣುಕಬಹುದು. ಕಂಡರೆ ದೀಪ ಜೀವಂತ. ಕಾಣದಿದ್ದರೆ ಸತ್ತಿದೆ ಎಂದು ತೀರ್ಮಾನಿಸಬೇಡಿ; ಕೆಲವು ಕ್ಯಾಮೆರಾಗಳು ಆ ಕಿರಣವನ್ನು ತಡೆದುಬಿಡುತ್ತವೆ.

ಇಲ್ಲಿ ಇನ್ನೊಂದು ಬಗೆಯನ್ನು ಹೇಳಬೇಕು. ಪರದೆ ಅಂಚಿನವರೆಗೂ ಹರಡುತ್ತ ಬಂದಂತೆ ಕಿಂಡಿಗೆ ಜಾಗ ಸಾಲದೆ, ಕೆಲವರು ಬೆಳಕಿನ ಬದಲು ಶಬ್ದವನ್ನು ಹಿಡಿದರು. 2016ರಲ್ಲಿ ಬಂದ ಶಿಯೋಮಿಯ ಮಿ ಮಿಕ್ಸ್ ಎಂಬ ಫೋನು ಈ ಜಾತಿಯದು. ನಮ್ಮ ಕಿವಿಗೆ ಕೇಳದಷ್ಟು ಕೀಚಲಾದ ಧ್ವನಿಯನ್ನು ಫೋನು ಹೊರಡಿಸಿ, ಮುಖಕ್ಕೆ ತಾಗಿ ಬಂದ ಮರುದನಿಯನ್ನು ಮೈಕಿನಿಂದ ಕೇಳುತ್ತದೆ. ಇಂಥ ಫೋನಿನಲ್ಲಿ ಗಾಜನ್ನು ಎಷ್ಟು ಒರಸಿದರೂ ಪ್ರಯೋಜನವಿಲ್ಲ. ಸ್ಪೀಕರಿನ ಜಾಲರಿ ಮತ್ತು ಮೈಕಿನ ತೂತು ಕಟ್ಟಿಕೊಂಡಿವೆಯೆ, ಗಾರ್ಡಿನ ಅಂಚು ಅವುಗಳ ಮೇಲೆ ಬಂದಿದೆಯೆ ಎಂದು ನೋಡಬೇಕು. ಇದರಲ್ಲಿ ಸಾಫ್ಟ್‌ವೇರಿನ ಪಾಲು ಹೆಚ್ಚು. ಆದುದರಿಂದ ಅಪ್‌ಡೇಟಿನ ಪಾಲೂ ಹೆಚ್ಚು.

ನಮ್ಮ ಸದಸ್ಯರೊಬ್ಬರ ಸಂಗತಿಯನ್ನು, ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ತಿಳಿಸುತ್ತೇನೆ. ಅವರು ಒಂದು ಹೋಟೆಲಿನ ಗಲ್ಲಾದಲ್ಲಿ ಕೆಲಸ ಮಾಡುವವರು. ರಾತ್ರಿ ರೈಲಿನಲ್ಲಿ ಪಾಕೀಟು ಕಳೆಯಿತು. ಅದರಲ್ಲಿ ಬ್ಯಾಂಕಿನ ಕಾರ್ಡಿತ್ತು. ಕಾರ್ಡನ್ನು ಕೂಡಲೆ ನಿಲ್ಲಿಸಬೇಕೆಂದು ಬ್ಯಾಂಕಿಗೆ ಕರೆ ಮಾಡಿದರು. “ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ” ಎಂದು ಯಂತ್ರ ಹೇಳುತ್ತಿದೆ, ಒತ್ತುವುದೆಲ್ಲಿಗೆ? ಪರದೆ ಕಾಡಿಗೆಯ ಹಾಗೆ ಕಪ್ಪು. ಮೂರು ಸಲ ಕರೆ ಮಾಡಿದರು, ಮೂರು ಸಲವೂ ಕಾದು ಕಾದು ಯಂತ್ರ ಕರೆ ಕತ್ತರಿಸಿತು. ಕೊನೆಗೆ ಪಕ್ಕದ ಕೊಠಡಿಯವರ ಫೋನಿನಿಂದ ಕೆಲಸವಾಯಿತು. ಮರುದಿನ ಅಂಗಡಿಯಲ್ಲಿ ಡಿಸ್ಪ್ಲೇ ಬದಲಾಯಿಸಬೇಕೆಂದರು. ಅದೃಷ್ಟಕ್ಕೆ ಆ ದಿನ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಸಂಜೆ ಈ ವಾಚನಾಲಯಕ್ಕೆ ಬಂದಾಗ ನಾಲ್ಕು ಜನ ಕೂಡಿ ಕಪ್ಪು ಅಂಚಿನ ಗಾರ್ಡನ್ನು ತೆಗೆದರು, ಒರಸಿದರು, ಕರೆ ಮಾಡಿ ನೋಡಿದರು. ಫೋನು ಮೊದಲಿನಂತಾಯಿತು. ಖರ್ಚು ಒಂದು ಹೊಸ ಗಾರ್ಡಿನದು ಮಾತ್ರ.

ಆ ರಾತ್ರಿ ಅವರಿಗೆ ಬೇಕಾಗಿದ್ದ ಉಪಾಯವನ್ನು ಈಗ ಹೇಳುತ್ತೇನೆ. ಫೋನು ರಿಪೇರಿಯಾಗುವವರೆಗೆ ಇದು ಎಲ್ಲರಿಗೂ ಉಪಯುಕ್ತ. ಸ್ಪೀಕರಿನಲ್ಲಿ ಮಾತನಾಡುವಾಗ ಮತ್ತು ಇಯರ್‌ಫೋನ್ ಸಿಕ್ಕಿಸಿದಾಗ ಫೋನು ಕಿವಿಯ ಬಳಿ ಇರುವುದಿಲ್ಲವಾದ್ದರಿಂದ, ಸಾಮಾನ್ಯವಾಗಿ ಪರದೆಯನ್ನು ಆರಿಸುವ ಆಜ್ಞೆಯೂ ಇರುವುದಿಲ್ಲ. ಆದುದರಿಂದ ಬ್ಯಾಂಕಿಗೊ ಗ್ಯಾಸಿನವರಿಗೊ ಕರೆ ಮಾಡುವುದಕ್ಕೆ ಮೊದಲೇ ಇಯರ್‌ಫೋನ್ ಸಿಕ್ಕಿಸಿಕೊಳ್ಳಿ. ಕರೆಯ ನಡುವೆ ಪರದೆ ಕಪ್ಪಾಗಿ ಸಿಕ್ಕಿಬಿದ್ದರೂ, ಆಗ ಇಯರ್‌ಫೋನ್ ಸಿಕ್ಕಿಸಿದರೆ ಬಹುಮಟ್ಟಿಗೆ ಪರದೆ ಬೆಳಗುತ್ತದೆ. ತಂತಿಯ ಇಯರ್‌ಫೋನು ಒಂದು ಚೀಲದಲ್ಲಿರಲಿ. ಆದರೆ ಕಾರ್ಡಿನ ನಂಬರು, ಹಣದ ವಿಷಯಗಳನ್ನು ರೈಲಿನಲ್ಲಿ, ಹತ್ತು ಜನರ ನಡುವೆ ಸ್ಪೀಕರಿನಲ್ಲಿ ಆಡಬೇಡಿ.

ಕರೆ ಮುಗಿಸಲು ಇನ್ನೊಂದು ಸೌಕರ್ಯವಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಭಾಗದಲ್ಲಿ, ಕೆಲವು ಕಂಪನಿಗಳಲ್ಲಿ ಕರೆಯ ಸೆಟ್ಟಿಂಗ್ಸ್‌ನಲ್ಲಿ, ಪಕ್ಕದ ಪವರ್ ಗುಂಡಿ ಒತ್ತಿದರೆ ಕರೆ ಮುಗಿಯುವಂತೆ ಮಾಡಿಕೊಳ್ಳಬಹುದು. ಒಂದು ಎಚ್ಚರಿಕೆ: ಇದನ್ನು ಹಾಕಿಕೊಂಡ ಮೇಲೆ, ಕರೆಯ ನಡುವೆ ಪರದೆಯನ್ನು ಬೆಳಗಿಸಲೆಂದು ಅದೇ ಗುಂಡಿಯನ್ನು ಒತ್ತಿದರೆ ಕರೆಯೇ ಕತ್ತರಿಸುತ್ತದೆ. ಜೇಬಿನಿಂದ ತೆಗೆದಾಗಲೆಲ್ಲ “ಮೇಲ್ಭಾಗವನ್ನು ಮುಚ್ಚಬೇಡಿ” ಎಂದು ಫೋನು ಹಟ ಹಿಡಿಯುತ್ತಿದ್ದರೆ, ಪಾಕೆಟ್ ಮೋಡ್ ಎಂಬಂಥ ಹೆಸರಿನ ಸೆಟ್ಟಿಂಗನ್ನು ಸದ್ಯಕ್ಕೆ ನಿಲ್ಲಿಸಬಹುದು. ಅದೂ ಇದೇ ಸೆನ್ಸರಿನ ಮಾತು ಕೇಳುವಂಥದು.

ಇಷ್ಟೆಲ್ಲ ಮಾಡಿಯೂ ಸರಿಯಾಗದಿದ್ದರೆ ಅಂಗಡಿಗೆ ಹೋಗಲೇಬೇಕು. ಬರಿಗೈಯಲ್ಲಿ ಹೋದವನಿಗೂ ಪರೀಕ್ಷೆ ಮುಗಿಸಿ ಹೋದವನಿಗೂ ಅಲ್ಲಿ ಸಿಗುವ ಮರ್ಯಾದೆಯೇ ಬೇರೆ. ಫೋನು ವಾರಂಟಿಯ ಅವಧಿಯಲ್ಲಿದ್ದರೆ ಬೇರೆಲ್ಲಿಯೂ ಬಿಚ್ಚಿಸದೆ ಬಿಲ್ಲಿನೊಡನೆ ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಿರಿ. ಅವಧಿ ಮುಗಿದಿದ್ದರೆ ನಂಬುಗೆಯ ಅಂಗಡಿಗೆ ಹೋಗಿ. ಹಿಂದಿ ಸರಾಗವಾಗಿ ಬಾರದ ನಮ್ಮವರು ಈ ಮಾತನ್ನು ಬಾಯಿಪಾಠ ಮಾಡಿಕೊಂಡರೆ ಸಾಕು: “ಸಿರ್ಫ್ ಕಾಲ್ ಕೇ ಟೈಮ್ ಸ್ಕ್ರೀನ್ ಕಾಲಾ ಹೋತಾ ಹೈ, ಬಾಕೀ ಟೈಮ್ ಠೀಕ್ ಹೈ. ಪಹಲೇ ಸೆನ್ಸರ್ ದೇಖಿಯೇ.” ಕರೆಯ ಹೊತ್ತಿನಲ್ಲಿ ಮಾತ್ರ ಕಪ್ಪಾಗುತ್ತದೆ, ಉಳಿದಂತೆ ಸರಿಯಾಗಿದೆ, ಮೊದಲು ಸೆನ್ಸರ್ ನೋಡಿ ಎಂದು ಅರ್ಥ. ಇಷ್ಟು ಕೇಳಿದ ಮೇಲೆ ಡಿಸ್ಪ್ಲೇಯ ಮಾತು ಸುಲಭವಾಗಿ ಹೊರಡುವುದಿಲ್ಲ.

ಹಿಂದೆ ಒಮ್ಮೆ ಪರದೆ ಒಡೆದು ಬದಲಾಯಿಸಿದ್ದುಂಟೆ ಎಂಬುದನ್ನು ತಪ್ಪದೆ ಹೇಳಿ. ದೀಪಕ್ಕೂ ಫೋಟೊಡಯೋಡಿಗೂ ನಡುವೆ ಕಿರಣ ಒಳಗೊಳಗೇ ಸೋರದಂತೆ ಸಣ್ಣದೊಂದು ರಬ್ಬರಿನ ಅಡ್ಡಗೋಡೆ ಇರುತ್ತದೆ. ಪರದೆ ಬದಲಾಯಿಸುವಾಗ ಅದು ಕಳೆದುಹೋದರೆ, ಓರೆಯಾಗಿ ಕುಳಿತರೆ, ಫೋನು ಸದಾ “ಹತ್ತಿರ” ಎನ್ನುತ್ತದೆ. ನಕಲಿ ಪರದೆಯ ಕಪ್ಪು ಬಣ್ಣ ಅವಕೆಂಪು ಕಿರಣವನ್ನು ಬಿಡದಿದ್ದರೂ ಹಾಗೆಯೇ. ಕೆಲವು ಹೊಸ ಫೋನುಗಳಲ್ಲಿ ಸೆನ್ಸರ್ ಪರದೆಯ ಅಡಿಯಲ್ಲಿಯೇ ಇರುವುದರಿಂದ, ಅಲ್ಲಿ ಪರದೆ ಅಸಲಿಯೆ ನಕಲಿಯೆ ಎಂಬುದು ಮುಖ್ಯ. ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಪರದೆಯ ಮಾತಿಗೆ ಅರ್ಥವಿದೆ. ಸೆನ್ಸರಿನ ಬಿಡಿಭಾಗ ಹೆಚ್ಚಾಗಿ ಸಣ್ಣ ಪಟ್ಟಿಯ ಮೇಲೆ ಬೇರೆಯಾಗಿಯೇ ಇರುತ್ತದೆ. ಅದೊಂದನ್ನೇ ಬದಲಾಯಿಸಬಹುದೆ ಎಂದು ಕೇಳಿ. ಕೆಲಸಕ್ಕೆ ಮೊದಲೇ ದರವನ್ನು ಬರೆಯಿಸಿಕೊಳ್ಳಿ, ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಎದುರಿಗೇ ಒಂದು ಕರೆ ಮಾಡಿ ನೋಡಿ ಹಣ ಕೊಡಿ.

ಫೋನನ್ನು ಅಂಗಡಿಯಲ್ಲಿ ಬಿಟ್ಟುಬರುವುದಾದರೆ ಸಿಮ್ಮನ್ನೂ ಮೆಮೊರಿ ಕಾರ್ಡನ್ನೂ ತೆಗೆದುಕೊಂಡು ಬನ್ನಿ. ಯುಪಿಐ ಪಿನ್ನನ್ನು ಯಾರಿಗೂ ಯಾವ ಕಾರಣಕ್ಕೂ ಹೇಳಬಾರದು. ಸೆನ್ಸರ್ ರಿಪೇರಿಗೂ ಅದಕ್ಕೂ ಸಂಬಂಧವಿಲ್ಲ. “ಎಲ್ಲ ಅಳಿಸಿ ಹೊಸದರಂತೆ ಮಾಡುತ್ತೇನೆ” ಎಂದರೆ ಒಪ್ಪುವ ಮೊದಲು ಫೋಟೊ, ನಂಬರುಗಳ ಪ್ರತಿ ಇದೆಯೆ ಎಂದು ನೋಡಿಕೊಳ್ಳಿ. ಸೆನ್ಸರ್ ಸರಿಮಾಡುತ್ತೇವೆಂದು ಹೇಳಿಕೊಂಡು ನಿಮ್ಮ ಸಂದೇಶ, ಸಂಪರ್ಕಗಳನ್ನೆಲ್ಲ ತೋರಿಸೆಂದು ಕೇಳುವ ಆ್ಯಪುಗಳನ್ನು ಹಾಕಿಕೊಳ್ಳಬೇಡಿ. ಕಿಂಡಿಯ ಮೇಲಿನ ಕೊಳೆಯನ್ನು ಯಾವ ಆ್ಯಪೂ ಒರಸಲಾರದು.

ವಾರಂಟಿಯಿದ್ದೂ ಕಂಪನಿಯವರು ಕೈಯೆತ್ತಿದರೆ ಸುಮ್ಮನೆ ಹಿಂದಿರುಗಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915, ಕರೆಗೆ ದುಡ್ಡಿಲ್ಲ. ಬಿಲ್ಲು ಮತ್ತು ಸರ್ವಿಸ್ ಸೆಂಟರಿನವರು ಕೊಟ್ಟ ಚೀಟಿ, ಇವೆರಡನ್ನು ಕೈಯಲ್ಲಿಟ್ಟುಕೊಂಡು ಕರೆ ಮಾಡಿ. ಯಂತ್ರ ನಂಬರು ಒತ್ತಲು ಹೇಳುವುದರಿಂದ, ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದನ್ನು ಮರೆಯಬೇಡಿ.

ಫೋನು ಹಳೆಯದಾಗಿ, ರಿಪೇರಿಯ ಖರ್ಚು ಅದರ ಬೆಲೆಗೆ ಸಮನಾಗುವಂತಿದ್ದರೆ, ಸೆನ್ಸರ್ ಇಲ್ಲದೆಯೂ ಬಾಳಬಹುದು. ಇಯರ್‌ಫೋನು, ಸ್ಪೀಕರು, ಪವರ್ ಗುಂಡಿ, ಈ ಮೂರರಿಂದ ವರ್ಷಗಟ್ಟಲೆ ಕೆಲಸ ನಡೆಸುತ್ತಿರುವವರು ಇದ್ದಾರೆ. ಆದರೆ ಇಂಥ ಫೋನೊಂದನ್ನೇ ನಂಬಿರುವವರು ಇನ್ನೊಂದು ಕೆಲಸ ಮಾಡಬೇಕು. ಊರಿನ ಮನೆ, ಮಾಲಿಕರು, ಬ್ಯಾಂಕು, ಹತ್ತಿರದ ಇಬ್ಬರು ಗೆಳೆಯರು, ಈ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಟ್ರಂಕಿನಲ್ಲಿಡಿ. ನಂಬರುಗಳೆಲ್ಲ ಫೋನಿನೊಳಗೇ ಇದ್ದು ಫೋನೇ ಕತ್ತಲಾದರೆ, ಪಕ್ಕದವರ ಫೋನು ಸಿಕ್ಕಿಯೂ ಯಾರಿಗೆ ಕರೆ ಮಾಡುವುದು?

ಕೊನೆಯದಾಗಿ ಒಂದು ಸೂಚನೆ. ನಮ್ಮ ಹಿರಿಯರು ಈ ಊರಿಗೆ ಬಂದಾಗ ಮನಿಯಾರ್ಡರ್ ಫಾರಮ್ಮು ತುಂಬಲು ಬಾರದವರಿಗೆ ಬಂದವರು ತುಂಬಿಕೊಡುತ್ತಿದ್ದರು. ಊರಿನ ಕಾಗದವನ್ನು ಓದಿ ಹೇಳುತ್ತಿದ್ದರು. ಇಂದು ಅದೇ ಕೆಲಸ ಫೋನಿನ ರೂಪದಲ್ಲಿ ನಮ್ಮ ಮುಂದಿದೆ. ಭಾನುವಾರ ಬೆಳಗ್ಗೆ ಇಲ್ಲಿಗೆ ಬರುವ ತರುಣರಲ್ಲಿ ಇಬ್ಬರು ಅರ್ಧ ಗಂಟೆ ಆ ಮೂಲೆಯ ಮೇಜಿನ ಬಳಿ ಕುಳಿತು, ತೊಂದರೆಯಿದ್ದವರ ಫೋನಿಗೆ ಈ ಖರ್ಚಿಲ್ಲದ ಪರೀಕ್ಷೆಗಳನ್ನು ಮಾಡಿಕೊಡಬಹುದಲ್ಲವೆ? ಮೆತ್ತನೆಯ ಬಟ್ಟೆಯೊಂದು, ತಂತಿಯ ಇಯರ್‌ಫೋನೊಂದು ಸಂಘದ ಕಪಾಟಿನಲ್ಲಿದ್ದರೆ ಸಾಕು. ಕಾರ್ಯಕಾರಿ ಸಮಿತಿಯವರು ಇದನ್ನು ಆಲೋಚಿಸಬೇಕೆಂದು ಬೇಡುತ್ತೇನೆ.